ಕಣ್ಣಿನ ಆಪರೇಷನ್ ಆದಮೇಲೆ ರೆಪ್ಪೆ ಜೋತುಬಿದ್ದರೆ: ಯಾವಾಗ ಕಾಯಬಹುದು, ಯಾವಾಗ ಓಡಬೇಕು?



ಈ ಮಾಲಿಕೆಯಲ್ಲಿ ನಾನು ಸಾಮಾನ್ಯವಾಗಿ ಹೃದಯ, ಬಿಪಿ, ಕೊಲೆಸ್ಟ್ರಾಲ್ ಬಗ್ಗೆ ಬರೆಯುತ್ತೇನೆ. ಇವತ್ತಿನ ವಿಷಯ ಕಣ್ಣಿನ ರೆಪ್ಪೆ. "ಹೃದಯದ ಡಾಕ್ಟರಿಗೆ ರೆಪ್ಪೆಯ ಉಸಾಬರಿ ಯಾಕೆ?" ಎಂದು ನೀವು ಕೇಳಬಹುದು. ಕಾರಣ ಇದೆ.

ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಕೆಲಸ ಮಾಡುವ ಕನ್ನಡದ ಮಕ್ಕಳ ಅಪ್ಪ ಅಮ್ಮ ಹೆಚ್ಚಾಗಿ ಊರಲ್ಲೇ ಇರುತ್ತಾರೆ. ಅಲ್ಲಿ ಪೊರೆ ಆಪರೇಷನ್ ಆಗುತ್ತದೆ. ಎರಡು ಮೂರು ದಿನಕ್ಕೆ ಮೊಬೈಲಿಗೆ ಒಂದು ಫೋಟೋ ಬರುತ್ತದೆ. ಒಂದು ಕಣ್ಣು ಅರ್ಧ ಮುಚ್ಚಿದೆ. "ಡಾಕ್ಟ್ರೇ, ಅಮ್ಮನಿಗೆ ಲಕ್ವಾ ಹೊಡೀತಾ? ಆಪರೇಷನ್ ಕೆಟ್ಟುಹೋಯ್ತಾ?" ಈ ಪ್ರಶ್ನೆ ಕಣ್ಣಿನ ಡಾಕ್ಟರಿಗಿಂತ ಮೊದಲು, ಬಿಪಿ ಸಕ್ಕರೆ ನೋಡುವ ಪರಿಚಯದ ಡಾಕ್ಟರಿಗೆ ಬರುತ್ತದೆ. ಅದಕ್ಕೇ ಈ ಲೇಖನ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿನ ಆಪರೇಷನ್ ನಂತರ ರೆಪ್ಪೆ ಇಳಿಯುವುದು ಹೆಚ್ಚಿನವರಲ್ಲಿ ಅಪಾಯವಿಲ್ಲದ್ದು, ಬಹಳ ಸಲ ತಾನಾಗಿಯೇ ಸರಿಹೋಗುವಂಥದ್ದು. ಆದರೆ "ಆಪರೇಷನ್ ಆಗಿದೆಯಲ್ಲ, ಅದರಿಂದಲೇ ಇರಬೇಕು" ಎಂದು ಪರೀಕ್ಷಿಸದೆ ಬಿಡಬಾರದು. ಕೆಲವೇ ಕೆಲವರಲ್ಲಿ ಅದರ ಹಿಂದೆ ದೃಷ್ಟಿಗೋ ಪ್ರಾಣಕ್ಕೋ ಸಂಚಕಾರ ತರುವ ಕಾರಣ ಅಡಗಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಹೇಗೆ ಎಂಬುದನ್ನು ನೀವೂ ಕಲಿಯಬಹುದು.

*ರೆಪ್ಪೆ ಮೇಲೇಳುವುದು ಹೇಗೆ?*

ಮೇಲಿನ ರೆಪ್ಪೆಯನ್ನು ಎತ್ತಲು ಎರಡು ಸ್ನಾಯುಗಳಿವೆ. ಒಂದು ದೊಡ್ಡದು, ಹೆಸರು ಲಿವೇಟರ್. ಇದಕ್ಕೆ ಆಜ್ಞೆ ಬರುವುದು ಮೆದುಳಿನಿಂದ ಹೊರಡುವ ಮೂರನೇ ನರದ ಮೂಲಕ. ಇನ್ನೊಂದು ಪುಟ್ಟದು, ಮುಲ್ಲರ್ ಸ್ನಾಯು. ಇದು ರೆಪ್ಪೆಯನ್ನು ಸುಮಾರು 2 ಮಿ.ಮೀ. ಮಾತ್ರ ಎತ್ತುತ್ತದೆ. ಇದರ ನರ ಮೆದುಳಿನಿಂದ ಇಳಿದು, ಎದೆಯ ಮೇಲ್ಭಾಗದವರೆಗೆ ಬಂದು, ಕತ್ತಿನ ದೊಡ್ಡ ರಕ್ತನಾಳವನ್ನು ಹಬ್ಬಿಕೊಂಡು ಮತ್ತೆ ಕಣ್ಣಿಗೆ ಹತ್ತುತ್ತದೆ. ಈ ದಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಿವೇಟರ್ ಸ್ನಾಯುವಿನ ತುದಿ ತೆಳುವಾದ ಪಟ್ಟಿಯಂತೆ ಹರಡಿ ರೆಪ್ಪೆಗೆ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಈ ಪಟ್ಟಿ ಹಳೆಯ ಲಾಡಿಯ ಹಾಗೆ ಸಡಿಲವಾಗುತ್ತದೆ. ರೆಪ್ಪೆ ಹೀಗೆ ಇಳಿಯುವುದಕ್ಕೆ ವೈದ್ಯರು ಟೋಸಿಸ್ ಎನ್ನುತ್ತಾರೆ.

ಲಕ್ವಾದ ಬಗ್ಗೆ ಒಂದು ಮಾತು. ಕಣ್ಣನ್ನು *ಮುಚ್ಚುವುದು* ಏಳನೇ ನರದ ಕೆಲಸ. ಆದ್ದರಿಂದ ಏಳನೇ ನರ ಸೋತು ಮುಖದ ಒಂದು ಭಾಗ ವಾಲಿದಾಗ ಆ ಕಡೆಯ ಕಣ್ಣು ಮುಚ್ಚಲು ಆಗುವುದಿಲ್ಲ. ಟೋಸಿಸ್‌ನಲ್ಲಿ ತೊಂದರೆ ಕಣ್ಣು *ತೆರೆಯುವುದರಲ್ಲಿ*. ನಾವು ಸಾಮಾನ್ಯವಾಗಿ ನೋಡುವ ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾಗುತ್ತದೆ, ಕೈಯಲ್ಲಿ ಶಕ್ತಿ ಹೋಗುತ್ತದೆ, ಮಾತು ತೊದಲುತ್ತದೆ. ಇವುಗಳಲ್ಲಿ ಒಂದು ಕಂಡರೂ ರೆಪ್ಪೆಯ ಯೋಚನೆ ಬಿಟ್ಟು 112ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

*ಆಪರೇಷನ್‌ನಿಂದ ರೆಪ್ಪೆ ಯಾಕೆ ಇಳಿಯುತ್ತದೆ?*

ನಮ್ಮ ಹಿರಿಯರಿಗೆ ಕಣ್ಣಿನ ಆಪರೇಷನ್ ಎಂದರೆ ಡಾ. ಎಂ. ಸಿ. ಮೋದಿಯವರ ಶಿಬಿರಗಳೇ ನೆನಪು. ಊರೂರಿಗೆ ಹೋಗಿ ಲಕ್ಷಾಂತರ ಬಡವರ ಪೊರೆ ತೆಗೆದ ಅವರು ಪದ್ಮಭೂಷಣ ಪಡೆದವರು, 2005ರಲ್ಲಿ ತೀರಿಕೊಂಡರು. ಆ ಕಾಲಕ್ಕೂ ಈ ಕಾಲಕ್ಕೂ ಆಪರೇಷನ್ ವಿಧಾನ ತುಂಬಾ ಬದಲಾಗಿದೆ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಎಂಬ ವೈದ್ಯರು ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನ ತಂದರು. ದೆಹಲಿಯ ಏಮ್ಸ್‌ನಲ್ಲಿ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ ಶುರುವಾದದ್ದೂ ಅದೇ ವರ್ಷ. ಇಂದು ಅನೇಕರಿಗೆ ಬರೀ ಹನಿ ಹಾಕಿ ಮರಗಟ್ಟಿಸಿ ಆಪರೇಷನ್ ಮುಗಿಸುತ್ತಾರೆ. ಇದರಿಂದ ರೆಪ್ಪೆ ಇಳಿಯುವ ಸಾಧ್ಯತೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕಾರಣಗಳು ಇವು:

1. *ಮರಗಟ್ಟಿಸುವ ಇಂಜೆಕ್ಷನ್.* ಕಣ್ಣಿನ ಸುತ್ತ ಇಂಜೆಕ್ಷನ್ ಕೊಟ್ಟಾಗ ರೆಪ್ಪೆ ಎತ್ತುವ ಸ್ನಾಯುವೂ ಮಲಗುತ್ತದೆ. ಇದು ನಿರೀಕ್ಷಿತ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದ ಆಸುಪಾಸಿನಲ್ಲಿ ಇಳಿಯುತ್ತದೆ. ಅಪರೂಪಕ್ಕೆ ಔಷಧಿಯೇ ಸ್ನಾಯುವಿಗೆ ತಾಗಿ ಪೆಟ್ಟಾಗಿ, ಚೇತರಿಸಲು ವಾರಗಳು ಬೇಕಾಗುತ್ತವೆ.

2. *ರೆಪ್ಪೆ ಅಗಲಿಸುವ ಕ್ಲಿಪ್.* ಆಪರೇಷನ್ ವೇಳೆ ಕಣ್ಣು ಮಿಟುಕಿಸದಂತೆ ತಂತಿಯ ಕ್ಲಿಪ್ ಹಾಕಿರುತ್ತಾರೆ. ಮೊದಲೇ ಸಡಿಲವಾಗಿದ್ದ ಪಟ್ಟಿ ಇದರ ಎಳೆತಕ್ಕೆ ಇನ್ನಷ್ಟು ಜಾರಬಹುದು.

3. *ಮೇಲಿನ ಸ್ನಾಯುವಿಗೆ ಹಾಕುವ ದಾರ.* ಕಣ್ಣುಗುಡ್ಡೆಯನ್ನು ಕೆಳಕ್ಕೆ ತಿರುಗಿಸಿ ಹಿಡಿಯಲು ಹಳೆಯ ವಿಧಾನಗಳಲ್ಲಿ ಒಂದು ದಾರ ಹಾಕುತ್ತಿದ್ದರು. ಸಣ್ಣ ಸೀಳು ಮಾಡಿ ಕೈಯಿಂದಲೇ ಪೊರೆ ತೆಗೆಯುವ ವಿಧಾನದಲ್ಲಿ ಈಗಲೂ ಕೆಲವೊಮ್ಮೆ ಬಳಸುತ್ತಾರೆ. ಗ್ಲಾಕೋಮಾ ಮತ್ತು ರೆಟಿನಾ ಆಪರೇಷನ್ ನಂತರವೂ ರೆಪ್ಪೆ ಇಳಿಯುವುದುಂಟು.

4. *ಊತ ಮತ್ತು ಕಿರಿಕಿರಿ.* ಕಣ್ಣು ಉರಿಯುತ್ತಿದ್ದರೆ ರೆಪ್ಪೆ ತಾನಾಗಿಯೇ ಅರ್ಧ ಮುಚ್ಚಿಕೊಳ್ಳುತ್ತದೆ. ನವೆಂಬರ್ ಹೊಗೆಯಲ್ಲಿ ದೆಹಲಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. "ಪೊರೆ ಆಪರೇಷನ್ ಚಳಿಗಾಲದಲ್ಲೇ ಮಾಡಿಸಬೇಕು" ಎಂಬ ಹಳೆಯ ನಂಬಿಕೆ ಇದೆ. ಈಗಿನ ವಿಧಾನಕ್ಕೆ ಕಾಲದ ಹಂಗಿಲ್ಲ.

5. *ಮೊದಲೇ ಇದ್ದದ್ದು ಈಗ ಕಂಡದ್ದು.* ಪೊರೆ ಇದ್ದಾಗ ಕನ್ನಡಿಯಲ್ಲಿ ಮುಖವೇ ಮಸುಕು. ಪೊರೆ ಹೋದ ಮೇಲೆ ಇಳಿದ ರೆಪ್ಪೆ ಸ್ಪಷ್ಟವಾಗಿ ಕಾಣುತ್ತದೆ! ಎರಡು ಮೂರು ವರ್ಷದ ಹಿಂದಿನ ಮದುವೆ, ಗೃಹಪ್ರವೇಶದ ಫೋಟೋ ತೆಗೆದು ಹೋಲಿಸಿ. ಈ ಸುಲಭ ಪರೀಕ್ಷೆ ಕಣ್ಣಿನ ಡಾಕ್ಟರಿಗೂ ಬಹಳ ಉಪಯೋಗ.

*ಎಷ್ಟು ದಿನ ಕಾಯಬಹುದು?*

ರೆಪ್ಪೆ ಸ್ವಲ್ಪ ಇಳಿದಿದೆ, ನೋವಿಲ್ಲ, ದೃಷ್ಟಿ ದಿನದಿನಕ್ಕೆ ಚೆನ್ನಾಗುತ್ತಿದೆ, ಕಣ್ಣುಗುಡ್ಡೆ ಎಲ್ಲ ಕಡೆ ಸರಿಯಾಗಿ ತಿರುಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತಿಲ್ಲ ಎಂದಾದರೆ ಗಾಬರಿ ಬೇಡ. ಮುಂದಿನ ಭೇಟಿಯಲ್ಲಿ ಆಪರೇಷನ್ ಮಾಡಿದ ಡಾಕ್ಟರಿಗೆ ತಪ್ಪದೆ ತೋರಿಸಿ. ಊತದಿಂದ ಆದದ್ದು ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ. ರೆಪ್ಪೆ ಸರಿಪಡಿಸುವ ಆಪರೇಷನ್ ಬೇಕೇ ಎಂದು ನಿರ್ಧರಿಸುವ ಮೊದಲು ಸಾಮಾನ್ಯವಾಗಿ ಸುಮಾರು 6 ತಿಂಗಳು ಕಾಯುತ್ತಾರೆ.

*ಕಾಯಬಾರದ ಐದು ಸಂದರ್ಭಗಳು*

*ಒಂದು: ನೋವು, ಕೆಂಪು, ದೃಷ್ಟಿ ಕುಗ್ಗುವುದು.* ಆಪರೇಷನ್ ಆದ ಮೇಲೆ ಚೆನ್ನಾಗಿದ್ದ ಕಣ್ಣು ಕೆಲವು ದಿನಗಳಲ್ಲಿ ನೋಯತೊಡಗಿ, ಕೆಂಪಾಗಿ, ರೆಪ್ಪೆ ಊದಿ, ದೃಷ್ಟಿ ಮಂಜಾದರೆ ಅದು ಕಣ್ಣಿನ ಒಳಗಿನ ಸೋಂಕು ಇರಬಹುದು. ಇದಕ್ಕೆ ಗಂಟೆಗಳ ಲೆಕ್ಕ. "ಸೋಮವಾರ ಹೇಗೂ ಅಪಾಯಿಂಟ್‌ಮೆಂಟ್ ಇದೆ" ಎಂದು ಕಾದರೆ ಕಣ್ಣೇ ಹೋಗಬಹುದು. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

*ಎರಡು: ರೆಪ್ಪೆ ಪೂರ್ತಿ ಇಳಿದು, ತಲೆನೋವು, ಎರಡೆರಡು ಕಾಣುವುದು, ಪಾಪೆ ದೊಡ್ಡದಾಗುವುದು.* ಮೂರನೇ ನರ ರೆಪ್ಪೆಯನ್ನಷ್ಟೇ ಅಲ್ಲ, ಕಣ್ಣುಗುಡ್ಡೆ ತಿರುಗಿಸುವ ನಾಲ್ಕು ಸ್ನಾಯುಗಳನ್ನೂ ಪಾಪೆಯನ್ನೂ ನೋಡಿಕೊಳ್ಳುತ್ತದೆ. ಮೆದುಳಿನ ರಕ್ತನಾಳವೊಂದು ಬಲೂನಿನಂತೆ ಉಬ್ಬಿ ಈ ನರವನ್ನು ಒತ್ತಿದರೆ ರೆಪ್ಪೆ ಬೀಳುತ್ತದೆ, ಕಣ್ಣು ಹೊರಕ್ಕೂ ಕೆಳಕ್ಕೂ ವಾಲುತ್ತದೆ, ಪಾಪೆ ಅಗಲವಾಗುತ್ತದೆ. ಆ ಉಬ್ಬು ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ, ಪ್ರಾಣಾಪಾಯ. ಒಡೆಯುವ ಮೊದಲು ರೆಪ್ಪೆಯ ಮೂಲಕ ಸಿಕ್ಕ ಎಚ್ಚರಿಕೆ ಇದು.

ಇಲ್ಲಿ ಒಂದು ಗೊಂದಲವಿದೆ. ಆಪರೇಷನ್‌ಗೆ ಪಾಪೆ ಹಿಗ್ಗಿಸುವ ಹನಿ ಹಾಕಿರುತ್ತಾರೆ. ಅದರಿಂದಲೂ ಪಾಪೆ ದೊಡ್ಡದಾಗಿರುತ್ತದೆ. ಕೆಲವು ಹನಿಗಳ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ. ಹಾಗಾಗಿ ಪಾಪೆ ಒಂದನ್ನೇ ನೋಡಿ ನಿರ್ಧರಿಸಬೇಡಿ. ಯಾವ ಹನಿ ಹಾಕಿದ್ದಾರೆಂದು ಡಾಕ್ಟರನ್ನು ಕೇಳಿ. ಆದರೆ ಜೊತೆಗೆ ತಲೆನೋವು, ಕಣ್ಣು ತಿರುಗಿಸಲು ಕಷ್ಟ ಅಥವಾ ಎರಡೆರಡು ಕಾಣುವುದು ಇದ್ದರೆ ಅದೇ ದಿನ ಮೆದುಳಿನ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ ಇದೇ ನರಕ್ಕೆ ರಕ್ತ ಪೂರೈಸುವ ಸಣ್ಣ ನಾಳ ಕಟ್ಟಿಕೊಂಡೂ ರೆಪ್ಪೆ ಬೀಳಬಹುದು. ಆಗ ಸಾಮಾನ್ಯವಾಗಿ ಪಾಪೆ ಸರಿಯಾಗಿಯೇ ಇರುತ್ತದೆ, ಸುಮಾರು ಮೂರು ತಿಂಗಳಲ್ಲಿ ಗುಣವಾಗುತ್ತದೆ. ಆದರೆ ಇದು ಅದೋ ಇದೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ.

*ಮೂರು: ರೆಪ್ಪೆ ಸ್ವಲ್ಪವೇ ಇಳಿದು, ಪಾಪೆ ಚಿಕ್ಕದಾಗಿ, ಕತ್ತು ನೋಯುವುದು.* ಮುಲ್ಲರ್ ಸ್ನಾಯುವಿನ ನರ ಕತ್ತಿನ ರಕ್ತನಾಳವನ್ನು ಹಬ್ಬಿಕೊಂಡು ಬರುತ್ತದೆ ಎಂದೆನಲ್ಲ. ಆ ರಕ್ತನಾಳದ ಒಳಪದರ ಸೀಳಿದರೆ ರೆಪ್ಪೆ 1-2 ಮಿ.ಮೀ. ಇಳಿಯುತ್ತದೆ, ಆ ಕಡೆಯ ಪಾಪೆ ಚಿಕ್ಕದಾಗುತ್ತದೆ. ಇದಕ್ಕೆ ಹಾರ್ನರ್ ಸಿಂಡ್ರೋಮ್ ಎಂದು ಹೆಸರು. ಮಂದ ಬೆಳಕಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕತ್ತಿಗೆ ಪೆಟ್ಟು ಬಿದ್ದಿದ್ದರೆ, ಕತ್ತು ಲಟಕಿಸಿಕೊಂಡಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಇಲ್ಲಿಂದ ಹೆಪ್ಪು ಹೊರಟು ಪಾರ್ಶ್ವವಾಯು ಆಗಬಹುದು. ಶ್ವಾಸಕೋಶದ ತುದಿಯ ಗಡ್ಡೆಯೂ ಇದೇ ನರವನ್ನು ಒತ್ತಬಹುದು. ಬೀಡಿ ಸಿಗರೇಟು ಸೇದುವವರಲ್ಲಿ ಇದನ್ನು ಮರೆಯಬಾರದು.

*ನಾಲ್ಕು: ಬೆಳಿಗ್ಗೆ ಸರಿ, ಸಂಜೆಗೆ ಇಳಿಯುವುದು.* ಎದ್ದಾಗ ರೆಪ್ಪೆ ಚೆನ್ನಾಗಿದ್ದು, ದಿನ ಕಳೆದಂತೆ ಜೋತುಬಿದ್ದರೆ, ಒಂದು ದಿನ ಎಡ ಒಂದು ದಿನ ಬಲ ಎಂದು ಬದಲಾದರೆ, ಮಯಾಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ಸಂದೇಹ ಬರುತ್ತದೆ. ನರದ ಆಜ್ಞೆ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ ಇದು. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಈ ಕಾಯಿಲೆ ಇರುವುದು ಪತ್ತೆಯಾಯಿತು, ಆಮೇಲೂ ಅವರು ದಶಕಗಳ ಕಾಲ ದುಡಿದಿದ್ದಾರೆ. ಚಿಕಿತ್ಸೆ ಇದೆ. ಆದರೆ ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಅದು ತುರ್ತು.

*ಐದು: ಸರಿಯಾಗಿದ್ದ ರೆಪ್ಪೆ ವಾರಗಳ ನಂತರ ಇದ್ದಕ್ಕಿದ್ದಂತೆ ಬೀಳುವುದು, ಅಥವಾ ಆಪರೇಷನ್ ಆಗದ ಕಣ್ಣಿನ ರೆಪ್ಪೆ ಬೀಳುವುದು.* ಇದನ್ನು ಆಪರೇಷನ್ ಖಾತೆಗೆ ಹಾಕಲೇಬೇಡಿ.

*ಮನೆಯಲ್ಲಿ ಎರಡು ನಿಮಿಷದ ಪರೀಕ್ಷೆ*

ಕಿಟಕಿಯ ಬೆಳಕಿನಲ್ಲಿ ಅಮ್ಮನನ್ನೋ ಅಪ್ಪನನ್ನೋ ಎದುರಿಗೆ ಕೂರಿಸಿಕೊಳ್ಳಿ. ರೆಪ್ಪೆಯನ್ನು ಒತ್ತಬೇಡಿ, ಮುಟ್ಟಬೇಡಿ.

- ನೇರ ನೋಡಲು ಹೇಳಿ. ರೆಪ್ಪೆಯ ಅಂಚು ಪಾಪೆಯನ್ನು ಮುಚ್ಚಿದೆಯೇ?
- ಎರಡು ಪಾಪೆಗಳೂ ಒಂದೇ ಅಳತೆ ಇವೆಯೇ? ಬೆಳಕಿನಲ್ಲೊಮ್ಮೆ, ಮಬ್ಬಿನಲ್ಲೊಮ್ಮೆ ನೋಡಿ.
- ತಲೆ ಅಲ್ಲಾಡಿಸದೆ ನಿಮ್ಮ ಬೆರಳನ್ನು ಎಡ, ಬಲ, ಮೇಲೆ, ಕೆಳಗೆ ಹಿಂಬಾಲಿಸಲು ಹೇಳಿ. ಎರಡೂ ಕಣ್ಣು ಜೊತೆಯಾಗಿ ತಿರುಗುತ್ತವೆಯೇ? ಬೆರಳು ಎರಡಾಗಿ ಕಾಣುತ್ತದೆಯೇ?
- ಒಂದು ನಿಮಿಷ ಮೇಲೆ ನೋಡುತ್ತಲೇ ಇರಲು ಹೇಳಿ. ರೆಪ್ಪೆ ನಿಧಾನಕ್ಕೆ ಇಳಿಯುತ್ತದೆಯೇ?
- ನಗಲು ಹೇಳಿ, ಎರಡೂ ಕೈ ಎತ್ತಿ ಹಿಡಿಯಲು ಹೇಳಿ, ಒಂದು ವಾಕ್ಯ ಮಾತಾಡಿಸಿ.
- ತಲೆನೋವು, ಕತ್ತುನೋವು, ಕಣ್ಣುನೋವು ಇದೆಯೇ ಎಂದು ಕೇಳಿ.

ದೂರದಲ್ಲಿರುವ ಮಕ್ಕಳು ಇದನ್ನು ವಿಡಿಯೋ ಕಾಲ್‌ನಲ್ಲೂ ಮಾಡಿಸಬಹುದು. ಒಂದು ಫೋಟೋದಲ್ಲಿ ಇಷ್ಟೆಲ್ಲ ಗೊತ್ತಾಗುವುದಿಲ್ಲ. ಆದರೆ ಈ ಪರೀಕ್ಷೆ ಇರುವುದು ಬೇಗ ಹೊರಡಲು. "ಎಲ್ಲ ಸರಿಯಿದೆ, ಡಾಕ್ಟರು ಬೇಡ" ಎಂದು ಹೇಳಲು ಅಲ್ಲ.

*ಹೃದಯದ ಕಾಯಿಲೆ ಇರುವವರಿಗೆ*

*ರಕ್ತ ತೆಳುವಾಗಿಸುವ ಮಾತ್ರೆ:* "ಕಣ್ಣಿನ ಆಪರೇಷನ್ ಇದೆ" ಎಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಿನ ಪೊರೆ ಆಪರೇಷನ್‌ಗೆ ಹೆಚ್ಚಿನವರಲ್ಲಿ ಇವನ್ನು ನಿಲ್ಲಿಸಬೇಕಾಗಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಹೊಸದರಲ್ಲಿ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಂಡು ಹೃದಯಾಘಾತ ಆಗಬಹುದು. ಆದರೆ ರೆಪ್ಪೆ ಎತ್ತುವ ಆಪರೇಷನ್ ಬೇರೆ. ಅಲ್ಲಿ ರಕ್ತಸ್ರಾವದ ಲೆಕ್ಕ ಬೇರೆಯಾದ್ದರಿಂದ ಕಣ್ಣಿನ ಡಾಕ್ಟರು ಮತ್ತು ಹೃದಯದ ಡಾಕ್ಟರು ಮಾತಾಡಿಕೊಂಡು ನಿರ್ಧರಿಸಬೇಕು.

*ನಾಡಿ ನಿಧಾನ ಇರುವವರು, ಪೇಸ್‌ಮೇಕರ್ ಇರುವವರು:* ಕಣ್ಣಿನ ಸ್ನಾಯು ಎಳೆದಾಗ ಹೃದಯದ ಬಡಿತ ಇದ್ದಕ್ಕಿದ್ದಂತೆ ಇಳಿಯಬಹುದು. 1908ರಲ್ಲೇ ಇದನ್ನು ಗುರುತಿಸಿದ್ದಾರೆ. ಪೇಸ್‌ಮೇಕರ್ ಇದ್ದರೆ ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದ ವಿಷಯದಲ್ಲೂ ಎಚ್ಚರ ಬೇಕು. ಆಪರೇಷನ್‌ಗೆ ಮೊದಲೇ ಹೇಳಿ, ಪೇಸ್‌ಮೇಕರ್ ಕಾರ್ಡ್ ತೋರಿಸಿ.

*ಟಿಮೋಲಾಲ್ ಹನಿ:* ಕಣ್ಣಿನ ಒತ್ತಡ ಇಳಿಸುವ ಈ ಹನಿ ಮೂಗಿನ ದಾರಿಯಾಗಿ ರಕ್ತಕ್ಕೆ ಸೇರಿ ನಾಡಿಯನ್ನು ನಿಧಾನ ಮಾಡುತ್ತದೆ, ಅಸ್ತಮಾ ಕೆರಳಿಸುತ್ತದೆ. ಮಯಾಸ್ತೇನಿಯಾ ಇದ್ದರೆ ರೆಪ್ಪೆಯನ್ನು ಇನ್ನಷ್ಟು ಇಳಿಸಬಹುದು. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳಿಗೂ ಇದೇ ಮಾತು. ಯಾವುದೇ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಅದುಮಿ ಹಿಡಿದರೆ ರಕ್ತಕ್ಕೆ ಸೇರುವುದು ಕಡಿಮೆ. ಆಪರೇಷನ್ ಆದ ಹೊಸದರಲ್ಲಿ ಹೀಗೆ ಅದುಮಬಹುದೇ ಎಂದು ಮೊದಲು ಡಾಕ್ಟರನ್ನು ಕೇಳಿ.

*ಮಾಡಬಾರದ್ದು*

- ರೆಪ್ಪೆಗೆ ಹರಳೆಣ್ಣೆ ಹಚ್ಚಿ ತಿಕ್ಕುವುದು, ಮಸಾಜ್ ಮಾಡುವುದು ಬೇಡ. ಆಪರೇಷನ್ ಗಾಯ ಒತ್ತಡಕ್ಕೆ ಬಿಚ್ಚಿಕೊಳ್ಳಬಹುದು.
- ಕಣ್ಣಿಗೆ ಜೇನುತುಪ್ಪ, ಎದೆಹಾಲು, ನಂದಿಬಟ್ಟಲು ಹೂವಿನ ರಸ ಹಾಕಬೇಡಿ. ಸೋಂಕಿಗೆ ಬಾಗಿಲು ತೆರೆದಂತೆ.
- ರೆಪ್ಪೆ ಎತ್ತಲು ಅಂಟುಪಟ್ಟಿ ಹಚ್ಚಬೇಡಿ. ಕಣ್ಣು ಮುಚ್ಚದೆ ಒಣಗಿ ಹುಣ್ಣಾಗುತ್ತದೆ.
- ಸ್ಟೀರಾಯ್ಡ್ ಹನಿಯನ್ನು ಹೇಳಿದ ದಿನಕ್ಕಿಂತ ಹೆಚ್ಚು ಹಾಕಬೇಡಿ, ಹೇಳದೆ ನಿಲ್ಲಿಸಲೂಬೇಡಿ.
- ರೆಪ್ಪೆ ಎತ್ತುವ ಆಕ್ಸಿಮೆಟಾಜೋಲಿನ್ ಹನಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಇದೇ ಹೆಸರಿನ ಔಷಧಿ ಮೂಗು ಕಟ್ಟಿದಾಗ ಹಾಕುವ ಹನಿಯಲ್ಲೂ ಇದೆ. ಹಾಗೆಂದು *ಮೂಗಿನ ಹನಿಯನ್ನು ಕಣ್ಣಿಗೆ ಹಾಕಬೇಡಿ.* ಅದರ ಪ್ರಮಾಣ ಬೇರೆ, ತಯಾರಿ ಬೇರೆ. ಬಿಪಿ, ಹೃದಯದ ಕಾಯಿಲೆ ಇರುವವರು ಕಣ್ಣಿನ ಹನಿಯನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

*ಸರಿಹೋಗದಿದ್ದರೆ?*

ತಿಂಗಳುಗಳು ಕಳೆದರೂ ರೆಪ್ಪೆ ಪಾಪೆಗೆ ಅಡ್ಡ ಬರುತ್ತಿದ್ದರೆ, ಹಣೆ ಸುಕ್ಕುಗಟ್ಟಿಸಿ, ಗಲ್ಲ ಎತ್ತಿ ನೋಡಬೇಕಾಗುತ್ತಿದ್ದರೆ ಚಿಕಿತ್ಸೆ ಇದೆ. ಸಡಿಲವಾದ ಪಟ್ಟಿಯನ್ನು ಬಿಗಿಮಾಡಿ ಹೊಲಿಯುವ ಆಪರೇಷನ್ ಅನ್ನು ಸಾಮಾನ್ಯವಾಗಿ ಜಾಗ ಮರಗಟ್ಟಿಸಿ ಮಾಡುತ್ತಾರೆ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಇದಕ್ಕೆ ರೆಪ್ಪೆಯ ಆಪರೇಷನ್‌ನಲ್ಲಿ ವಿಶೇಷ ತರಬೇತಿ ಪಡೆದ ಕಣ್ಣಿನ ವೈದ್ಯರೇ ಬೇಕು. ದೆಹಲಿಯವರಿಗೆ ಏಮ್ಸ್‌ನ ರಾಜೇಂದ್ರ ಪ್ರಸಾದ್ ಕೇಂದ್ರ, ಬೆಂಗಳೂರಿನವರಿಗೆ ಮಿಂಟೋ ಕಣ್ಣಿನ ಆಸ್ಪತ್ರೆ ಸರ್ಕಾರಿ ದಾರಿಗಳು. ನರದ ಕಾಯಿಲೆ ಎಂದಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಕೊನೆಯದಾಗಿ ಒಂದು ಮಾತು. ಇದನ್ನೆಲ್ಲ ಓದಿ ಹೆದರಿ ಪೊರೆ ಆಪರೇಷನ್ ಮುಂದೂಡಬೇಡಿ. ಪೊರೆಯನ್ನು ಹಾಗೇ ಬಿಟ್ಟರೆ ಕುರುಡುತನ, ಮಬ್ಬಿನಲ್ಲಿ ಎಡವಿ ಬಿದ್ದು ಸೊಂಟದ ಮೂಳೆ ಮುರಿತ. ಅದರ ಮುಂದೆ ಇಳಿದ ರೆಪ್ಪೆ ಸಣ್ಣ ತೊಂದರೆ. ಆಪರೇಷನ್ ಮಾಡಿಸಿ. ಮಾಡಿಸುವ ಮೊದಲು ಎರಡೂ ಕಣ್ಣು ತೆರೆದು ನೇರ ನೋಡುವ ಒಂದು ಸ್ಪಷ್ಟ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಸಂದೇಹ ಬಂದರೆ ಹೋಲಿಸಿ ನೋಡಲು ಅದೇ ಆಧಾರ.

ಮನೆಯಲ್ಲಿ ಹಿರಿಯರಿಗೆ ಕಣ್ಣಿನ ಆಪರೇಷನ್ ನಿಗದಿಯಾಗಿರುವ ಬಂಧುಗಳಿಗೆ, ಸ್ನೇಹಿತರಿಗೆ ಈ ಲೇಖನ ತಲುಪಿಸಿ. ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮನ್ನು ಪರೀಕ್ಷಿಸುವ ವೈದ್ಯರ ಸಲಹೆಗೆ ಇದು ಬದಲಿಯಲ್ಲ.

ಎಲ್ಲರ ಕಣ್ಣೂ ಹೃದಯವೂ ಚೆನ್ನಾಗಿರಲಿ.

- ಹೃದ್ರೋಗ ತಜ್ಞರು, ಎಂ.ಡಿ., ದೆಹಲಿ